ಹತ್ತು ಗೆಣ್ಣಿನ ರಾಣಿ

೧೯೯೪ರಲ್ಲಿ ನಾನು ಎಂಟನೇ ಇಯತ್ತೆಯನ್ನು ನಡುವಿಗೇ ಬಿಟ್ಟೆ. ಬೆಟಗೇರಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಗರಗಸದ ಹಲ್ಲು ಮಸೆಯುವ ಕೆಲಸಕ್ಕೆ ಸೇರಿದೆ. ಅದನ್ನು ಹೇಳಿ ಯಾರಿಂದಲೂ ಕನಿಕರ ಗಿಟ್ಟಿಸುವ ಅಗತ್ಯ ನನಗಿಲ್ಲ. ನಾನು ಮಸೆದ ಗರಗಸಗಳು ಗದಗಿನಿಂದ ಲಕ್ಷ್ಮೇಶ್ವರದ ತನಕ ಓಡಿವೆ. ಮುಂದೆ ಅದೇ ಓಣಿಯಲ್ಲಿ ನನ್ನದೇ ಸಾಮಿಲ್ ಎದ್ದಿತು. ಮಾಸ್ತರು, ಅಕ್ಕೋರು ಎಂಬುವವರ ಸಹವಾಸ ನನ್ನ ಬದುಕಿನಲ್ಲಿ ಮುಗಿಯಿತು ಎಂದುಕೊಂಡಿದ್ದೆ. ನಲವತ್ತರ ಹೊಸ್ತಿಲಲ್ಲಿ ಒಬ್ಬ ಅಕ್ಕೋರು ತಾವಾಗಿಯೇ ಗೇಟಿನ ಒಳಗೆ ಬಂದರು.

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂತೆ ಒಂದು ದುಂಡನೆಯ ಗುರುತಿತ್ತು. ಭೂತಗನ್ನಡಿಯನ್ನು ವರ್ಷಗಟ್ಟಲೆ ಕಣ್ಣಿಗೆ ಒತ್ತಿ ಹಿಡಿದು ಬಿದ್ದ ಗುರುತು ಅದು. ಆ ಕನ್ನಡಿ ಕರಿ ದಾರದಲ್ಲಿ ಕೊರಳಿಗೆ ಜೋತಾಡುತ್ತಿತ್ತು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೇಟಿನ ಬಳಿ ಚಪ್ಪಲಿ ಬಿಟ್ಟು ಬಂದರು. ಸಾಮಿಲ್‌ನಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ, ಚಕ್ಕೆ ಚುಚ್ಚುತ್ತವೆ.

“ಏನ್ ಬೇಕ್ರಿ? ಚೌಕಟ್ಟೋ, ಹಲಗಿಯೋ?” ಎಂದೆ.

“ಇರುವಿ.”

ಆಳುಗಳು ಗೊಳ್ಳೆಂದು ನಕ್ಕರು. ನಾನೂ ಬಿಡಲಿಲ್ಲ. “ಇರುವಿ ಬೇಕಾದ್ರ ಇಲ್ಲಿತನಕ ಯಾಕ ಬಂದ್ರಿ? ಮನ್ಯಾಗ ಸಕ್ರಿ ಡಬ್ಬಿ ಮುಚ್ಚಳ ತಗದಿಡ್ರಿ, ತಾವ ಬರ್ತಾವ.”

“ಅವು ನನಗ ಪರಿಚಯ ಅದಾವ ತಮ್ಮಾ. ಪರದೇಶದಿಂದ ಬಂದಾವು ಬೇಕು,” ಎಂದು ಅಂಗಳದಲ್ಲಿ ಬಿದ್ದ ಆಫ್ರಿಕಾದ ಸಾಗವಾನಿ ದಿಮ್ಮಿಗಳ ಕಡೆ ಕೈ ತೋರಿಸಿದರು.

ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಮಲ್ಲಸಮುದ್ರದಲ್ಲಿ ತಂಗಿಯ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ, ಅದರೊಳಗೆ ಒಂದು ಸೂಕ್ಷ್ಮದರ್ಶಕ, ಗೋಡೆಯ ತುಂಬ ಇರುವೆ ಚುಚ್ಚಿಟ್ಟ ಪೆಟ್ಟಿಗೆಗಳು. ನಮ್ಮ ಜಿಲ್ಲೆಯ ಇರುವೆಗಳ ಮೇಲೆ ಅವರು ಬರೆದದ್ದು ದೂರದ ಪತ್ರಿಕೆಗಳಲ್ಲಿ ಅಚ್ಚಾಗಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅವರಾಗಿಯೇ ಹೇಳುವ ಪೈಕಿ ಅಲ್ಲ.

ಅಂದಿನಿಂದ ದಿಮ್ಮಿ ಲಾರಿ ಬಂದಾಗಲೆಲ್ಲ ನಾನು ಫೋನ್ ಮಾಡಬೇಕು, ಅವರು ಆಟೋದಲ್ಲಿ ಬರಬೇಕು. ತೊಗಟೆ ಎಬ್ಬಿಸಿ, ಬಿರುಕಿನಲ್ಲಿ ಊದಿ, ಕುಂಚದಲ್ಲಿ ಕೆದಕಿ ನೋಡುವರು. ಬಹಳ ಸಲ ಏನೂ ಸಿಗುತ್ತಿರಲಿಲ್ಲ. ಬಂದರಿನಲ್ಲಿ ವಿಷದ ಹೊಗೆ ಹಾಕಿ ಹುಳಹುಪ್ಪಟೆ ಕೊಂದೇ ಕಳಿಸುತ್ತಾರಲ್ಲ. ಮಧ್ಯಾಹ್ನ ನಮ್ಮ ಜೊತೆಗೇ ಕುಳಿತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಉಣ್ಣುವರು. ರೊಟ್ಟಿಯ ಒಂದು ಚೂರೂ ಕೆಳಗೆ ಬೀಳಬಾರದು. “ಊರ ಇರುವಿ ಬಂದು ನನ್ನ ಕೆಲಸ ಕೆಡಸ್ತಾವ,” ಎಂದು ಸೆರಗಿನಲ್ಲೇ ಝಾಡಿಸಿ ಕಟ್ಟಿಕೊಂಡು ಹೋಗುತ್ತಿದ್ದರು.

ಅವರಿಗೆ ಆಗದ ಮಾತೆಂದರೆ ‘ಸುಮಾರು’. “ಸುಮಾರು ಒಂದ ನಮೂನಿ ಕಾಣ್ತಾವಲ್ರಿ” ಎಂದರೆ ಸಾಕು, ಕನ್ನಡಿಯನ್ನು ಕೊರಳಿಂದ ತೆಗೆದು ನನ್ನ ಕೈಗೆ ಕೊಡುವರು. “ಎಣಿಸು. ಎಣಿಸಿ ಹೇಳು.” ಇರುವೆಯ ಕುಡಿಮೀಸೆಯಲ್ಲಿ ಜೋಳದ ದಂಟಿನಲ್ಲಿ ಇದ್ದಂತೆ ಗೆಣ್ಣುಗಳು ಇರುತ್ತವೆ. ಎಷ್ಟು ಗೆಣ್ಣು ಎಂಬುದರ ಮೇಲೆಯೇ ಒಂದು ಇರುವೆ ಯಾವ ಮನೆತನದ್ದು ಎಂದು ಅರ್ಧ ಗೊತ್ತಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಅವರೇ.

ಒಂದು ಶುಕ್ರವಾರ ಸಾಗವಾನಿಯ ಒಂದು ದಿಮ್ಮಿಯನ್ನು ಅಡ್ಡ ಕೊಯ್ದು ನಾಲ್ಕು ತುಂಡು ಮಾಡಿದೆವು. ನಾಲ್ಕರಲ್ಲೂ ನಡುವೆ ಪೊಳ್ಳು. ಒಂದರ ಪೊಳ್ಳಿನಲ್ಲಿ ಕಪ್ಪಗೆ ಇರುವೆ ಕಂಡವು, ಕದಲುತ್ತಿರಲಿಲ್ಲ. ಅದನ್ನು ಪಕ್ಕಕ್ಕೆ ಉರುಳಿಸಿ ಅಕ್ಕೋರಿಗೆ ಫೋನ್ ಮಾಡಿದೆ. ಅವರು ಹುಬ್ಬಳ್ಳಿಯಲ್ಲಿ ಯಾವುದೋ ಮದುವೆಯಲ್ಲಿದ್ದರು. ಬಂದದ್ದು ಸೋಮವಾರ ಬೆಳಿಗ್ಗೆ. ಉಳಿದ ಮೂರು ತುಂಡುಗಳನ್ನು ಆ ಶುಕ್ರವಾರ ಸಂಜೆಯೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಡಿಗ್ಯಾರರು ಬೇರೆ ಮಾಲಿನ ಜೊತೆ ಒಯ್ದಿದ್ದರು.

ಸೋಮವಾರ ಅಕ್ಕೋರ ಮುಖ ನೋಡಬೇಕಿತ್ತು. ಪೊಳ್ಳಿನ ಆಳದಲ್ಲಿ ಒಂದು ದೊಡ್ಡ ರಾಣಿ, ಸತ್ತು ಒಣಗಿದ್ದು. ಅದರ ಸುತ್ತ ಸಣ್ಣ ಆಳಿರುವೆಗಳು. ಹೊಟ್ಟೆಯನ್ನು ತಲೆಯ ಮೇಲೆ ಎತ್ತಿಕೊಂಡು ಓಡಾಡುವ ಜಾತಿ, ಅವು ಇನ್ನೂ ಜೀವಂತ! “ಬಂದರಿನ್ಯಾಗಿನ ಹೊಗಿಗೂ ಸಾಯದ ಬದುಕ್ಯಾವ ನೋಡು ತಮ್ಮಾ!” ಎಂದು ಸಣ್ಣ ಹುಡುಗಿಯಂತೆ ಕುಣಿದರು. ಎಲ್ಲವನ್ನೂ ಸ್ಪಿರಿಟ್ ಸೀಸೆಗೆ, ಪೊಳ್ಳಿನ ಕಸವನ್ನು ಒಂದು ಡಬ್ಬಿಗೆ ಹಾಕಿಕೊಂಡು ಹೋದರು.

ಮುಂದೆ ತಿಂಗಳುಗಟ್ಟಲೆ ಅವರಿಗೆ ಬೇರೆ ಧ್ಯಾನವಿಲ್ಲ. ಆ ಜಾತಿಯಲ್ಲಿ ಹಲವು ಬಗೆ, ಆಫ್ರಿಕಾದಲ್ಲೂ ಇವೆ, ನಮ್ಮ ಮಾವಿನ ಗಿಡಗಳಲ್ಲೂ ಇವೆ, ಒಂದನ್ನೊಂದು ಬೇರೆ ಮಾಡುವುದು ಬಹಳ ಕಷ್ಟ. ಅವರ ಬಳಿ ಇದ್ದ ಯಾವ ವಿವರಣೆಗೂ ಈ ರಾಣಿ, ಈ ಆಳು ಎರಡೂ ಕೂಡಿ ಹೊಂದಲಿಲ್ಲ. ಕೊನೆಗೆ ಒಂದು ದಿನ ನಿಧಾನಕ್ಕೆ ಹೇಳಿದರು: “ಇದು ಜಗತ್ತಿಗೆ ಗೊತ್ತಿಲ್ಲದ ಇರುವಿ ಅನಸ್ತೈತಿ.”

“ಹಂಗಾದ್ರ ಹೆಸರು?”

“ನಾವ ಇಡೂದು. ಬೆಟಗೇರಿ ಅಂತ ಬರೂ ಹಂಗ ಇಡೂಣು. ನಿನ್ನ ಅಂಗಳದಾಗ ಸಿಕ್ಕಿದ್ದಲ್ಲ.”

ನಾನು ಚಹಾದಂಗಡಿಯಲ್ಲಿ, ಕಿರಾಣಿಯಲ್ಲಿ, ಬೀಗರ ಮನೆಯಲ್ಲಿ ಎಲ್ಲ ಕಡೆ ಹೇಳಿದೆ. ಯಾಕೆ ಹೇಳಬಾರದು? ಅವರ ಲೇಖನವನ್ನು ಅಚ್ಚಿಗೆ ಒಪ್ಪಿದರು ಎಂಬ ಸುದ್ದಿಯೂ ಬಂತು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೇರೆ ಊರಿನ ಸಂಗ್ರಹಾಲಯದಲ್ಲಿ ಕೀಟಗಳ ಮೇಲೆ ಕೆಲಸ ಮಾಡುತ್ತಿದ್ದಳು. ಪತ್ರಿಕೆಯವರ ಜೊತೆಗಿನ ಓಡಾಟವೆಲ್ಲ ಅವಳದೇ.

ಇದೇ ಹೊತ್ತಿಗೆ ಅಕ್ಕೋರ ಕೈ ನಡುಗಲು ಶುರುವಾಗಿತ್ತು. ಮೊದಲು ಚಹಾದ ಬಸಿ ಸಪ್ಪಳ ಮಾಡುತ್ತಿತ್ತು, ಆಮೇಲೆ ಕುಂಚ ನಿಲ್ಲದಾಯಿತು. ಡಾಕ್ಟರು ಇದು ಕಡಿಮೆಯಾಗುವುದಲ್ಲ, ಏರುತ್ತ ಹೋಗುವುದು ಎಂದರಂತೆ. ಅದನ್ನು ನನಗೆ ಹೇಳುವಾಗ ಅವರ ದನಿ ನಡುಗಲಿಲ್ಲ. “ನಿನ್ನ ಕೈ ಬೇಕು ತಮ್ಮಾ. ಗರಗಸದ ಹಲ್ಲು ಮಸ್ಯಾಂವ, ನಿನ್ನ ಬೆರಳು ಅಲಗಾಡೂದಿಲ್ಲ.”

ವಾರಕ್ಕೊಂದು ಮಧ್ಯಾಹ್ನ ಮಲ್ಲಸಮುದ್ರಕ್ಕೆ ಹೋಗುವುದಾಯಿತು. ಇರುವೆಯನ್ನು ಸಣ್ಣ ಕಾಗದದ ತುದಿಗೆ ಅಂಟಿಸುವುದು, ಕಾಲು ಬಿಡಿಸುವುದು. ಹೆಚ್ಚು ಅಂಟು ಬಿದ್ದರೆ ತೆಗೆಸಿ ಮತ್ತೆ ಮಾಡಿಸುವರು, ಮತ್ತೂ ಮಾಡಿಸುವರು. ಒಮ್ಮೆ ಸಿಟ್ಟು ಬಂದು ಅಂದುಬಿಟ್ಟೆ: “ಅಕ್ಕೋರ, ನಾ ಒಂದು ಮಿಲ್ಲಿನ ಮಾಲಕ ರಿ. ನಿಮ್ಮ ಸಾಲಿ ಹುಡುಗ ಅಲ್ಲ.”

“ಸಾಲಿ ಹುಡುಗ ಆಗಿದ್ರ ಇಷ್ಟೊತ್ತಿಗೆ ನಪಾಸ ಮಾಡಿರತಿದ್ದೆ. ಮಾಲಕ ಅಂತ ಬಿಟ್ಟೀನಿ. ತಗದು ಇನ್ನೊಮ್ಮೆ ಅಂಟಸು.”

ಲೇಖನದ ಜೊತೆಗೆ ರಾಣಿಯ ಚಿತ್ರ ಬೇಕಿತ್ತು. ಆ ರಾಣಿಯ ಕುಡಿಮೀಸೆಗಳು ತಲೆಯ ಕೆಳಗೆ ಮಡಚಿ, ಮರದ ರಾಳ ಹತ್ತಿ ಅಂಟಿಕೊಂಡಿದ್ದವು. ಇರುವುದು ಒಂದೇ ರಾಣಿ, ಎಲ್ಲಿ ಮುರಿಯುತ್ತದೋ ಎಂದು ಅಕ್ಕೋರು ಅದನ್ನು ಮುಟ್ಟಿರಲಿಲ್ಲ. ಆಳಿರುವೆಗಳಲ್ಲಿ ಹನ್ನೊಂದು ಗೆಣ್ಣು ಇದ್ದವು, ರಾಣಿಗೂ ಅಷ್ಟೇ ಇರಬೇಕೆಂದು ಬರೆದಿದ್ದರು. ಚಿತ್ರಕ್ಕಾಗಿ ಈಗ ಬಿಡಿಸಲೇಬೇಕಾಯಿತು. ಸ್ಪಿರಿಟ್ ಹನಿ ಬಿಟ್ಟು, ಒಂದೇ ಕೂದಲಿನ ಕುಂಚದಿಂದ ನಾನು ಉಸಿರು ಹಿಡಿದು ಬಿಡಿಸಿದೆ. ಒಂದು ಮೀಸೆ ಮುರಿಯದೆ ನೆಟ್ಟಗಾಯಿತು. ಅವರು ಕಣ್ಣಿಟ್ಟರು. ಬಹಳ ಹೊತ್ತು ಎತ್ತಲಿಲ್ಲ.

“ನೀ ಎಣಿಸು.”

ಎಣಿಸಿದೆ. “ಹತ್ತು ರಿ.”

“ತುದಿ ಮುರದೈತೇನ ನೋಡು.”

“ಇಲ್ರಿ. ತುದಿ ದುಂಡಗ ಐತಿ, ಪೂರಾ ಐತಿ.”

“ಇನ್ನೊಂದ ಮೀಸಿ ಬಿಡಸು.”

ಅದರಲ್ಲೂ ಹತ್ತು. ಅಕ್ಕೋರು ಕುರ್ಚಿಗೆ ಒರಗಿದರು. “ಒಂದ ಮನಿ ರಾಣಿಗೆ ಹತ್ತು, ಆಳಿಗೆ ಹನ್ನೊಂದು. ಈ ಜಾತ್ಯಾಗ ಹಂಗ ಇರೂದಿಲ್ಲ ತಮ್ಮಾ. ಇವೆರಡೂ ಒಂದ ಮನೀವು ಅಲ್ಲ.”

ಮರುದಿನ ಮುಂಜಾನೆ ಗೇಟು ತೆಗೆಯುವ ಹೊತ್ತಿಗೇ ಆಟೋದಿಂದ ಇಳಿದರು. ಕೈಯಲ್ಲಿ ಒಂದು ಗಾಜಿನ ನಳಿಕೆ. ಪೊಳ್ಳಿನ ಕಸವನ್ನು ರಾತ್ರಿಯೇ ಮತ್ತೆ ಸೋಸಿ ನೋಡಿದ್ದರು. ಅದರ ತಳದಲ್ಲಿ ಬೆಳ್ಳಗೆ ನಾಲ್ಕೈದು ಕಾಳು. ಮೊದಲು ನೋಡಿದಾಗ ಮರದ ರಾಳದ ಹರಳು ಎಂದುಕೊಂಡಿದ್ದರಂತೆ.

“ಇದು ರವಾ,” ಎಂದರು. “ಆ ತುಂಡಿಗೆ ರವಾ ಹಾಕಿದವ ಯಾರು?”

ನಮ್ಮ ಹಿರಿಯ ಮಿಸ್ತ್ರಿ ಕಾಕಾ ಎದೆ ಮುಂದೆ ಮಾಡಿಕೊಂಡು ಬಂದ. “ನಾನ ರಿ ಅಕ್ಕೋರ. ಶನಿವಾರ ಇತ್ತಲ್ರಿ.”

ಶನಿವಾರ ಇರುವೆಗಳಿಗೆ ರವೆ, ಸಕ್ಕರೆ ಹಾಕುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ. ಕಾಕಾ ಒಂದು ಶನಿವಾರವೂ ತಪ್ಪಿಸಿದವನಲ್ಲ.

“ಸತ್ತ ಇರುವಿಗೆ ಯಾರರ ಉಣ್ಣಾಕ ಹಾಕತಾರೇನೋ?” ಎಂದೆ ನಾನು ರೇಗಿ.

“ಸತ್ತಾವೋ ಮಲಗ್ಯಾವೋ ನನಗೇನ ಗೊತ್ತಪಾ? ಸಮುದ್ರ ದಾಟಿ ಬಂದಾವ, ಹಸದಿರತಾವ ಅಂತ ಎರಡ ಚಿಮಟಿ ಹೆಚ್ಚಿಗೇ ಹಾಕೀನಿ.”

ಅಕ್ಕೋರು ದಿಮ್ಮಿಯ ಮೇಲೆ ಕುಳಿತುಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಕಾಕಾ, ನೀ ದೂರದ ಬೀಗರಿಗೆ ಊಟ ಬಡಿಸಿದಿ. ಊರಾನವು ಬಂದು ಉಂಡ್ವು. ಹೋಗೂ ಮುಂದ ಬೀಗರನ್ನೂ ಹೊತಗೊಂಡು ಹೋದ್ವು!”

ಆಗಿದ್ದು ಅದೇ. ಸಕ್ಕರೆಗೆ ಬಂದ ನಮ್ಮ ಗಿಡದ ಇರುವೆಗಳು ಒಳಗಿನ ಸತ್ತ ಆಳಿರುವೆಗಳನ್ನು ತಿನ್ನಲು ಎಳೆದೊಯ್ದಿದ್ದವು. ಆಳದಲ್ಲಿ ಸಿಕ್ಕಿದ್ದ ದೊಡ್ಡ ರಾಣಿಯನ್ನು ಮಾತ್ರ ಎಳೆಯಲಾಗಿರಲಿಲ್ಲ. ಸೋಮವಾರ ಕಂಡದ್ದು ಆಫ್ರಿಕಾದ ರಾಣಿ, ಬೆಟಗೇರಿಯ ಆಳು. ಅವೆರಡನ್ನೂ ಕೂಡಿಸಿದ್ದರಿಂದಲೇ ಅದು ಜಗತ್ತಿನ ಯಾವ ಇರುವೆಗೂ ಹೊಂದಿರಲಿಲ್ಲ.

ನಕ್ಕು ಮುಗಿದ ಮೇಲೆ ಅಲ್ಲಿಂದಲೇ ವಿದ್ಯಾರ್ಥಿನಿಗೆ ಫೋನ್ ಹಚ್ಚಿಸಿದರು. ಅವರಿಗೆ ಹಿಡಿಯಲಾಗದ್ದರಿಂದ ನಾನೇ ಹಿಡಿದಿದ್ದೆ, ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

“ಲೇಖನ ನಿಲ್ಲಿಸವಾ. ತಪ್ಪೈತಿ.”

“ಟೀಚರ್, ಒಪ್ಪಿಗೆ ಆಗೇತ್ರಿ. ಆಳಿರುವಿ ಮಾತು ತಗದು ರಾಣಿ ಒಂದನ್ನ ಹೊಸಾ ಜಾತಿ ಅಂತ ಹಾಕೂಣು. ಹೆಸರು ಉಳೀತೈತಿ.”

“ಇದರ ಆಳು ಮೊದಲ ಯಾರಿಗೋ ಸಿಕ್ಕು, ಹೆಸರು ಆಗಿದ್ರ? ಒಂದ ಮನಿತನಕ್ಕ ಎರಡು ಹೆಸರು ಹಚ್ಚಿದಂಗ ಆತು. ಬ್ಯಾಡ.”

“ನಿಮ್ಮ ಆರೋಗ್ಯ ನೋಡಿದ್ರ… ಇನ್ನೊಮ್ಮಿ ಮಾಡಾಕ ಆಗತೈತೇನ್ರಿ?”

“ಅದಕ್ಕ ಜಲ್ದಿ ನಿಲ್ಲಿಸು ಅನ್ನಾಕತ್ತೀನಿ. ನಾ ಹೋದ ಮ್ಯಾಲ ನಿಲ್ಲಿಸಾಕ ಬರೂದಿಲ್ಲ.”

ಬೆಟಗೇರಿಯ ಹೆಸರು ಅಲ್ಲಿಗೆ ಹೋಯಿತು. ಊರೆಲ್ಲ ಹೇಳಿಕೊಂಡು ಬಂದವನು ನಾನು. ಅವರು ನನ್ನ ಕಡೆ ತಿರುಗಿ, “ಉಳದ ಮೂರು ತುಂಡು ಎಲ್ಲಿ ಅದಾವ?” ಎಂದರು. ನನ್ನ ಅಳುವ ಮುಖ ನೋಡಲು ಅವರಿಗೆ ಪುರಸೊತ್ತು ಇರಲಿಲ್ಲ.

ಆ ಮೂರು ತುಂಡು ಶನಿವಾರಕ್ಕಿಂತ ಮೊದಲೇ ಅಂಗಳ ಬಿಟ್ಟಿದ್ದವು. ಕಾಕಾನ ಸಕ್ಕರೆ ಅವಕ್ಕೆ ಮುಟ್ಟಿರಲಿಲ್ಲ. ಆದರೆ ಅಷ್ಟರಲ್ಲಿ ಎರಡು ವರ್ಷ ಆಗಿತ್ತು. ನನ್ನ ಟೆಂಪೋದ ಮುಂದಿನ ಸೀಟಿನಲ್ಲಿ ಅವರನ್ನು ಕೂಡ್ರಿಸಿಕೊಂಡು ಹೊರಟೆ. ಲಕ್ಷ್ಮೇಶ್ವರದ ಬಡಿಗ್ಯಾರ ತುಂಡನ್ನು ಸೀಳಿ ಕಿಟಕಿಯ ಚೌಕಟ್ಟು ಮಾಡಿ ಮುಗಿಸಿದ್ದ. ಶಿರಹಟ್ಟಿಯಲ್ಲಿ ಪೊಳ್ಳು ತುಂಡು ಯಾವುದಕ್ಕೂ ಬರುವುದಿಲ್ಲ ಎಂದು ನೀರೊಲೆಗೆ ಹಾಕಿದ್ದರು. ನಡುವೆ ಮಾಗಡಿ ಕೆರೆ ಬಂತು. ಹೊರದೇಶದ ಹಕ್ಕಿಗಳು ನೀರಿನ ತುಂಬ. ಮನಸ್ಸು ಹಗುರಾಗಲಿ ಎಂದು ಟೆಂಪೋ ನಿಲ್ಲಿಸಿದೆ.

“ಯಾಕ ನಿಲ್ಲಿಸಿದಿ?”

“ಹಕ್ಕಿ ನೋಡ್ರಿ, ಎಷ್ಟ ಛಂದ ಅದಾವ.”

“ಅವನ್ನ ನೋಡಾಕ ಬಸ್ಸ ಮಾಡ್ಕೊಂಡು ಬರ್ತಾರ. ಇವನ್ನ ನೋಡೋರು ಯಾರದಾರ? ನಡಿ, ಮುಂಡರಗಿಗೆ ಹೊತ್ತಾಗತೈತಿ.”

ಮುಂಡರಗಿಯ ಬಡಿಗ್ಯಾರ ಅಂಗಡಿಯ ನಡುವೆ ಕುಳಿತು ಉಳಿ ಹೊಡೆಯುತ್ತಿದ್ದ. ಅವನ ಮುಂದಿದ್ದ ಕೊರಡನ್ನು ನೋಡಿದ ಕೂಡಲೇ ನಾನು ಗುರುತು ಹಿಡಿದೆ. ಅಡ್ಡ ಕೊಯ್ದ ಮುಖದ ಮೇಲೆ ನಾವು ಬಳಿದ ಕೆಂಪು ಬಣ್ಣ ಇನ್ನೂ ಇತ್ತು.

“ಇದನ್ನ ಸೀಳಬೇಕಪಾ,” ಎಂದರು ಅಕ್ಕೋರು.

“ಯಾಕ್ರಿ?”

“ಒಳಗ ಇರುವಿ ಅದಾವೇನ ನೋಡಬೇಕು.”

“ಎರಡ ವರ್ಷ ಇದರ ಮ್ಯಾಲ ಕೆಲಸಾ ಮಾಡೀನ್ರಿ. ಒಂದರ ಇರುವಿ ಕಚ್ಚಿಲ್ಲ.”

“ಕಚ್ಚೂದಿಲ್ಲ. ಸತ್ತಾವ.”

ಅವನು ಉಳಿ ಕೆಳಗಿಟ್ಟು ನನ್ನನ್ನು ನೋಡಿದ. “ಸತ್ತ ಇರುವಿ ಹುಡ್ಕೊಂಡು ಗದಗಿಂದ ಬಂದೀರಿ? ಸಾವಕಾರ್ರ, ಧಂದೆ ಹೆಂಗ ನಡದೈತ್ರಿ?”

ನನ್ನ ಕಿವಿ ಬಿಸಿಯಾಯಿತು. ಅಕ್ಕೋರು ಮಾತ್ರ ಪೊಳ್ಳಿನ ಬಾಯಿಯ ಮೇಲೆ ನಡುಗುವ ಬೆರಳು ಆಡಿಸುತ್ತಿದ್ದರು. ಅದು ಗಟ್ಟಿ ಮುಚ್ಚಿತ್ತು. “ಇದನ್ನ ಯಾವಾಗ ತುಂಬಿದಿ?”

“ತಂದ ದಿನಾನ ರಿ. ಪೊಳ್ಳಿನ್ಯಾಗ ಉಳಿ ಸಿಗಬೀಳತಿತ್ತು. ಎರಡೂ ಕಡೆ ಕಟಗಿ ಹೊಟ್ಟು, ಅಂಟು ಕಲಿಸಿ ಮೆತ್ತೀನಿ. ಗಾಳಿ ಸೈತ ಹೋಗೂದಿಲ್ಲ.”

ಅಕ್ಕೋರು ನನ್ನ ತೋಳು ಹಿಡಿದುಕೊಂಡರು. ಹೊರಗಿನ ಒಂದು ಇರುವೆಯೂ ಒಳಗೆ ಹೋಗಿರಲು ಸಾಧ್ಯವಿಲ್ಲ. ಬಡಿಗ್ಯಾರನಿಗೆ ಬದಲಿ ಬೇವಿನ ಕೊರಡು ತಂದುಕೊಡುವ ಮಾತಾಯಿತು. “ಗರಗಸ ಬ್ಯಾಡ, ಎಲ್ಲಾ ಪುಡಿ ಆಗತಾವ,” ಎಂದರು. ಮರದ ಎಳೆ ನೋಡಿ ಬೆಣೆ ಇಟ್ಟು ಹೊಡೆದೆ. ಮೂರನೆಯ ಏಟಿಗೆ ಕೊರಡು ಪುಸ್ತಕ ತೆರೆದಂತೆ ಬಾಯಿ ಬಿಟ್ಟಿತು.

ಒಳಗೆ ಎಳ್ಳು ಸುರುವಿದಂತೆ ಇರುವೆಗಳು. ಒಣಗಿದವು, ಒಂದೂ ಕದಲಿರಲಿಲ್ಲ. ಅವುಗಳ ನಡುವೆ ದೊಡ್ಡವು ಕೆಲವು. ಅಕ್ಕೋರು ನೆಲದ ಮೇಲೆ ಕುಳಿತು ಕನ್ನಡಿ ಹಿಡಿಯಲು ನೋಡಿದರು, ಕೈ ನಿಲ್ಲಲಿಲ್ಲ. ನಾನು ಅವರ ಮುಂಗೈ ಹಿಡಿದುಕೊಂಡೆ.

“ರೆಕ್ಕಿ,” ಎಂದರು. “ರೆಕ್ಕಿ ಅದಾವ ತಮ್ಮಾ. ಹಾರಾಕ ತಯಾರಾಗಿದ್ದ ರಾಣಿಗೋಳು.”

ಬಡಿಗ್ಯಾರ ಬಗ್ಗಿ ನೋಡಿದ. “ಇದರ ಮ್ಯಾಲ ನಾ ದಿನಾ ಉಳಿ ಬಡದೀನಲ್ರೀ,” ಎಂದು ತಾನಾಗಿಯೇ ಚಹಾ ತರಿಸಿದ.

ಮಾಳಿಗೆಯ ಕೋಣೆಯಲ್ಲಿ ಮೊದಲು ನನಗೇ ಎಣಿಸಲು ಹೇಳಿದರು. ಆಳಿರುವೆಗೆ ಹತ್ತು. ರೆಕ್ಕೆಯ ರಾಣಿಗೆ ಹತ್ತು. ಮೊದಲು ಸಿಕ್ಕ ರಾಣಿಯ ಪಕ್ಕ ಇಟ್ಟರೆ ತಲೆ, ಬೆನ್ನಿನ ಮುಳ್ಳು, ರೋಮ ಎಲ್ಲ ಒಂದೇ. ಆ ಆಳಿರುವೆಯ ಚಿತ್ರಗಳನ್ನು ವಿದ್ಯಾರ್ಥಿನಿ ನಾಲ್ಕು ಕಡೆ ಕಳಿಸಿದಳು. ಉತ್ತರ ಬಂತು. ಬಹಳ ಹಿಂದೆ ಪಶ್ಚಿಮ ಆಫ್ರಿಕಾದ ಕಾಡಿನಲ್ಲಿ ಯಾರೋ ಒಂದೇ ಒಂದು ಆಳಿರುವೆ ಹಿಡಿದು, ಹೆಸರಿಟ್ಟು, ಯುರೋಪಿನ ಸಂಗ್ರಹಾಲಯದಲ್ಲಿ ಚುಚ್ಚಿಟ್ಟಿದ್ದರು. ಅದೇ ಇರುವೆ ಇದು. ಅದರ ರಾಣಿಯನ್ನು ಅಲ್ಲಿಯ ತನಕ ಯಾರೂ ಕಂಡಿರಲಿಲ್ಲ. ಆಳು ಒಂದನ್ನೇ ನೋಡಿ ಅದನ್ನು ಯಾವುದೋ ಗುಂಪಿನ ಪಂಕ್ತಿಯಲ್ಲಿ ಕೂಡ್ರಿಸಿದ್ದರು. ರಾಣಿಯ ತಲೆ, ದವಡೆ ನೋಡಿದ ಮೇಲೆ ಅದು ಆ ಪಂಕ್ತಿಯದಲ್ಲ ಎಂದು ಸ್ಪಷ್ಟವಾಯಿತು. ಅಕ್ಕೋರು ಅದನ್ನು ಅಲ್ಲಿಂದ ಎಬ್ಬಿಸಿ ಅದರ ಜಾಗದಲ್ಲಿ ಕೂಡ್ರಿಸಿದರು.

“ಅಂದ್ರ ನಾವು ಇಡೂ ಹೆಸರು ಏನೂ ಇಲ್ಲ,” ಎಂದೆ. ನನ್ನ ದನಿಯಲ್ಲಿ ಬೇಸರ ಇತ್ತು, ಮುಚ್ಚಿಡಲಿಲ್ಲ.

“ಹೆಸರು ಯಾರರ ಇಟ್ಟಿರಲಿ. ಅದರ ಮನಿ ಪೂರಾ ಆತಲ್ಲ,” ಎಂದರು. ಅಂದು ಅವರ ತಂಗಿ ಮಾದಲಿ ಮಾಡಿದ್ದಳು. ತುಪ್ಪ ಸುರಿದು, ನನ್ನ ಎಲೆಗೆ ತಾವೇ ಬಡಿಸಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದರು. ಅದೊಂದು ದಿನ ಚೆಲ್ಲಿದ್ದನ್ನು ಬಳಿಯಗೊಡಲಿಲ್ಲ. “ಇರ್ಲಿ ಬಿಡು, ಊರ ಇರುವಿಗೂ ಆಗಲಿ.”

ಹೊಸ ಲೇಖನಕ್ಕೆ ಒಂದು ವರ್ಷ ಹಿಡಿಯಿತು. ಅವರು ಹೇಳುವರು, ತಂಗಿ ಬರೆಯುವಳು, ನಾನು ಸೂಕ್ಷ್ಮದರ್ಶಕದ ಮುಂದೆ. ಕೊನೆಕೊನೆಗೆ ಅವರ ಮಾತೂ ತೊದಲುತ್ತಿತ್ತು. ಒಂದು ಅಳತೆಗಾಗಿ ಅರ್ಧ ದಿನ ಹೋದರೂ ‘ಸುಮಾರು’ ಬರೆಯಗೊಡಲಿಲ್ಲ. ಮೊದಲ ಲೇಖನ ಯಾಕೆ ಹಿಂದೆ ತೆಗೆದುಕೊಂಡೆ ಎಂಬುದನ್ನೂ ಅದರಲ್ಲಿ ಬರೆಸಿದರು, ರವೆ ಸಕ್ಕರೆ ಸಮೇತ. ಅದು ಬೇಡ, ನಗುತ್ತಾರೆ ಎಂದಳು ವಿದ್ಯಾರ್ಥಿನಿ. “ನಗಲಿ. ಮುಂದಿನವರು ಪೊಳ್ಳಿನ್ಯಾಗ ಬಿಳಿ ಕಾಳು ಕಂಡ್ರ ಹರಳು ಅಂತ ತಿಳಿಬಾರದು.” ಅಚ್ಚಾಗಿ ಬಂದಾಗ ಕೊನೆಯ ಪುಟದಲ್ಲಿ ಕೃತಜ್ಞತೆ ಅಂತ ಇದ್ದ ಕಡೆ ನನ್ನ ಹೆಸರಿತ್ತು, ಮಿಸ್ತ್ರಿ ಕಾಕಾನ ಹೆಸರೂ ಇತ್ತು. ಕಾಕಾ ಆ ಪುಟವನ್ನು ಪ್ಲಾಸ್ಟಿಕ್ ಹಾಕಿಸಿ ದೇವರ ಪಟದ ಪಕ್ಕ ತೂಗುಬಿಟ್ಟಿದ್ದಾನೆ. ನನ್ನದು ಕಪಾಟಿನಲ್ಲಿದೆ.

ಆ ವರ್ಷದ ಆಷಾಢದಲ್ಲಿ ಅಕ್ಕೋರು ಹೋದರು. ಹಿಂದಿನ ವಾರ ನೋಡಲು ಹೋದಾಗ ಮಲಗಿದ್ದಲ್ಲಿಂದಲೇ ಕಣ್ಣಿನಲ್ಲಿ ಸೂಕ್ಷ್ಮದರ್ಶಕ ತೋರಿಸಿದರು. “ಅದನ್ನ ಒಯ್ಯಿ. ನನ್ನ ಹೆಸರ್ಲೆ ಧೂಳ ಹಿಡಿಸಬ್ಯಾಡ.” ನನಗೆ ಯಾವ ಓದು ಬರುತ್ತದೆ ಅಕ್ಕೋರ, ಎಂದೆ. ಮಾತು ಒಂದೊಂದಾಗಿ ಬಂತು: “ಎಣಿಸಾಕ ಬರತೈತಲ್ಲ. ಗೊತ್ತಾಗಲಿಲ್ಲ ಅಂದ್ರ ಗೊತ್ತಿಲ್ಲ ಅಂತ ಬರಿ. ಅದು ಬಾಳ ಮಂದಿಗೆ ಬರೂದಿಲ್ಲ.”

ಸಾಮಿಲ್ ನಿಂತ ಮೇಲೆ ಸಂಜೆ ಅರ್ಧ ತಾಸು ಅದರ ಮುಂದೆ ಕೂಡುತ್ತೇನೆ. ಕುರ್ತಕೋಟಿಯ ಎರೆ ಹೊಲದ ಬದುವಿನಿಂದ ತಂದದ್ದು, ನಮ್ಮ ಅಂಗಳದ್ದು, ಹೊರಗಿನ ದಿಮ್ಮಿಯದ್ದು, ಏನು ಸಿಕ್ಕರೂ ಅದರ ಕೆಳಗೆ ಇಡುತ್ತೇನೆ. ಆಳುಗಳು ಈಗ ನಗುವುದಿಲ್ಲ, ಸಿಕ್ಕಿದ್ದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ತಂದುಕೊಡುತ್ತಾರೆ.

ಈಗ ನನ್ನ ಬಳಿ ಇರುವುದು ಇಷ್ಟು: ಎರಡು ಗರಗಸದ ಯಂತ್ರ, ಒಂದು ಟೆಂಪೋ, ಏಳು ಜನ ಆಳು, ಸಾಲವಿಲ್ಲದ ಒಂದು ಮನೆ, ಒಂದು ಸೂಕ್ಷ್ಮದರ್ಶಕ, ಮತ್ತು ಯಾರನ್ನೂ ಕೇಳದೆ ಗುರುತು ಹಿಡಿಯಬಲ್ಲ ಹದಿನಾಲ್ಕು ಜಾತಿಯ ಇರುವೆ. ಹದಿನೈದನೆಯದು ಮೇಜಿನ ಮೇಲಿದೆ. ಅದರ ಬಗ್ಗೆ ಇನ್ನೂ ಖಾತ್ರಿಯಿಲ್ಲ, ಆದ್ದರಿಂದ ಲೆಕ್ಕಕ್ಕೆ ಹಿಡಿದಿಲ್ಲ.